ಸರಳು ಹೋಗದ ಕೋವಿ

ಕೊಡವರು ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬಕ್ಕೆ ಎರಡು ದಿನ ಇತ್ತು. ಹೆಪ್ಪಿಗೆ ಮಜ್ಜಿಗೆ ಕೇಳೋಣ ಅಂತ ಪಕ್ಕದ ಮನೆಗೆ ಹೋದವಳು ಒಂದು ಗಂಟೆ ಅಲ್ಲೇ ಕೂತೆ. ಮಜ್ಜಿಗೆ ಮರೆತೇ ಬಂದೆ.

ಜಗಲಿಯಲ್ಲಿ ಅಜ್ಜ ಮತ್ತು ಬೆಂಗಳೂರಿಂದ ಬಂದ ಮೊಮ್ಮಗ. ಹುಡುಗ ಮೊಬೈಲ್‌ನಲ್ಲಿ ಪ್ರಪಂಚದ ವಿಚಿತ್ರ ಕೋವಿಗಳನ್ನೆಲ್ಲ ತೋರಿಸುತ್ತಿದ್ದ. 1718ರಲ್ಲಿ ಜೇಮ್ಸ್ ಪಕಲ್ ಎಂಬ ಇಂಗ್ಲಿಷಿನವನು ಒಂದು ಕೋವಿಗೆ ಪೇಟೆಂಟ್ ತೆಗೆದುಕೊಂಡನಂತೆ. ಕ್ರೈಸ್ತ ಶತ್ರುಗಳಿಗೆ ದುಂಡನೆಯ ಗುಂಡು, ತುರ್ಕರಿಗೆ ಚೌಕದ ಗುಂಡು! ಅಜ್ಜ ನಂಬಲೇ ಇಲ್ಲ. ಆಮೇಲೆ ಬ್ರಿಟಿಷ್ ನೌಕಾಪಡೆಯ ಏಳು ನಳಿಗೆಯ ಕೋವಿ ಬಂತು. ಒಂದು ಸಲ ಹೊಡೆದರೆ ಏಳೂ ಒಟ್ಟಿಗೆ ಹಾರುತ್ತವೆ, ಹೊಡೆದವನ ಭುಜ ಹೋಗುತ್ತದೆ. ಅದಕ್ಕೆ ಅಜ್ಜ ತೊಡೆ ತಟ್ಟಿ ನಕ್ಕರು. ನಕ್ಕ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆದು ತಾನು ಗೆದ್ದ ಕಥೆ ಶುರು ಮಾಡಿದರು. ನಾನು ಕೇಳುವುದು ಅದು ಎಷ್ಟನೇ ಸಲವೋ.

ಕೊನೆಗೆ ಬಂತು ಜರ್ಮನ್ನರ ಕ್ರುಮ್‌ಲೌಫ್. ಎರಡನೇ ಮಹಾಯುದ್ಧದ್ದು. ರೈಫಲ್ ತುದಿಗೆ ಸಿಕ್ಕಿಸುವ, 30 ಡಿಗ್ರಿ ಬಾಗಿದ ನಳಿಗೆ. ಗೋಡೆಯ ಮರೆಯಲ್ಲೇ ನಿಂತು ಮೂಲೆಯಾಚೆ ಗುಂಡು ಹಾರಿಸಬಹುದು, ನೋಡಲು ಪೆರಿಸ್ಕೋಪ್ ಬೇರೆ. ತಿರುವಿನಲ್ಲಿ ಉಜ್ಜಿ ಉಜ್ಜಿ ಎಷ್ಟೋ ಗುಂಡುಗಳು ಒಳಗೇ ಒಡೆದು ಚೂರಾಗುತ್ತಿದ್ದವು. ಸುಮಾರು 300 ಗುಂಡಿಗೆ ನಳಿಗೆಯ ಆಯಸ್ಸು ಮುಗಿಯುತ್ತಿತ್ತು.

ಅಷ್ಟರಲ್ಲಿ ಅಜ್ಜಿ ಒಳಗಿಂದ ಬಂದರು. ಕೈಯೆಲ್ಲ ಕಡಂಬಿಟ್ಟಿನ ಅಕ್ಕಿ ತರಿ. ಮೊಬೈಲನ್ನು ದೂರ ಹಿಡಿದು ನೋಡಿದರು.

"ಮೋನೇ, ಇದರೊಳಗೆ ಸರಳು ಹೇಗೆ ಹೋಗುತ್ತೆ?"

"ಯಾವ ಸರಳು?" ಅಂದ ಹುಡುಗ.

ಅಜ್ಜ ಕೆಮ್ಮಿದರು. ಅಜ್ಜಿ ಒಳಗೆ ಹೋದರು.

ಈ ವಾರವಿಡೀ ನನ್ನ ತಲೆಯಲ್ಲಿ ಇದೇ ಮಾತು. ಯಾವ ಸರಳು! ಆ ಮನೆಯ ಜೋಡು ನಳಿಗೆ ಕೋವಿಯ ಬಗ್ಗೆ ಮಾತಾಡುವವರು ಅಜ್ಜ. ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯದ ಹಾಗೆ ಸರಳಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಒರೆಸುವವರು ಅಜ್ಜಿ. ನಡುಮನೆಯ ನೆಲ್ಲಕ್ಕಿ ದೀಪದ ಮುಂದೆ ಆ ಕೋವಿ ತೋಕ್ ಪೂ, ಅಂದರೆ ಕೋವಿ ಹೂ, ಮುಡಿದು ಹೊಳೆಯುವಾಗ ಆ ಬಟ್ಟೆ ಯಾರಿಗೆ ನೆನಪಿರುತ್ತದೆ? ಅಜ್ಜನ ಮೇಲೆ ನನಗೆ ಪ್ರೀತಿಯೇ. ಆದರೆ ಅವರು ಒಂದು ಲೋಟ ತೊಳೆದದ್ದನ್ನೂ ನಾನು ಕಂಡಿಲ್ಲ.

ಈಗ ಏನು ನೋಡಿದರೂ ಅಜ್ಜಿಯ ಪ್ರಶ್ನೆಯೇ ಬರುತ್ತದೆ. ನಮ್ಮ ಅಡುಗೆಮನೆಯ ಚಿಮಣಿಗೆ ಎಷ್ಟು ಚಂದದ ಬಾಗು! ಒಳಗೆ ಕೈಯೇ ಹೋಗಲ್ಲ. ನೆಂಟರೊಬ್ಬರು ಹೊಸ ಮನೆಯ ನಡುವೆ ಗಾಜಿನ ಸೂರು ಹಾಕಿಸಿದರು. ಕೊಡಗಿನಲ್ಲಿ! ಒಂದು ಮಳೆಗಾಲಕ್ಕೆ ಪಾಚಿ ಕಟ್ಟಿ ಆಕಾಶವೇ ಹಸಿರಾಯಿತು. ನಕ್ಷೆ ಬರೆದವನು ಹತ್ತುತ್ತಾನಾ ಈಗ?

ಹುಡುಗ ಇನ್ನೊಂದು ಪಿಸ್ತೂಲಿನ ಕಥೆಯನ್ನೂ ಹೇಳಿದ್ದ. 1942ರ ಅಮೆರಿಕದ ಲಿಬರೇಟರ್. ಶತ್ರು ಹಿಡಿದ ನೆಲದಲ್ಲಿರುವ ಜನರಿಗೆ ಹಂಚಲು ಹತ್ತು ಲಕ್ಷದಷ್ಟು ಮಾಡಿದ್ದರು. ಒಂದನ್ನು ಜೋಡಿಸಲು ಏಳು ಸೆಕೆಂಡೂ ಬೇಡ, ತೋಟೆ ತುಂಬಲು ಅದಕ್ಕಿಂತ ಜಾಸ್ತಿ ಹೊತ್ತು. ಒಂದು ಸಲಕ್ಕೆ ಒಂದೇ ಗುಂಡು. ಖಾಲಿ ತೋಟೆ ತಾನಾಗಿ ಬರುವುದಿಲ್ಲ, ಅದನ್ನು ತಳ್ಳಲು ಡಬ್ಬಿಯಲ್ಲಿ ಒಂದು ಮರದ ಕಡ್ಡಿಯನ್ನೂ ಇಡುತ್ತಿದ್ದರು. ಎಲ್ಲರೂ ಅದನ್ನು ಆಡಿಕೊಂಡರಂತೆ. ನನಗೆ ಮಾತ್ರ ಆ ಕಡ್ಡಿ ಇಷ್ಟವಾಯಿತು. ಯಾರೋ ಒಬ್ಬನಿಗೆ ಆಮೇಲಿನ ಕೆಲಸ ಹೊಳೆದಿತ್ತಲ್ವಾ.

ಮೂರನೇ ತಾರೀಖು ಬೆಳಿಗ್ಗೆ ನಮ್ಮ ಬೇಲಿಯ ತೋಕ್ ಪೂ ಕಿತ್ತು ಕೊಡಲು ಹೋದೆ. ಹುಡುಗ ಬಿಚ್ಚಿದ ನಳಿಗೆಯನ್ನು ಬೆಳಕಿಗೆ ಹಿಡಿದು ಕೂತಿದ್ದ. ಪಕ್ಕದಲ್ಲಿ ಸರಳು, ಎಣ್ಣೆ, ಹಳೇ ಪಂಚೆಯ ಚಿಂದಿ.

"ಆಂಟಿ, ಬಟ್ಟೆ ಇನ್ನೂ ಕಪ್ಪಾಗೇ ಬರ್ತಿದೆ" ಅಂದ.

"ಇನ್ನೊಂದು ಸಲ" ಅಂತ ಒಳಗಿಂದ ಕೇಳಿಸಿತು.