ಬೋರ್ಡಿನಲ್ಲಿ 24 ಗಂಟೆ, ಗೇಟಿಗೆ ಬೀಗ

ಆಗಸ್ಟ್ ಮೊದಲ ವಾರ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ರಜೆ ಮುಗಿದು ಬೋಟುಗಳು ಆಗಷ್ಟೇ ಕಡಲಿಗಿಳಿದಿದ್ದವು. ನಮ್ಮ ವಸತಿರಹಿತರ ಆಶ್ರಯ ಕೇಂದ್ರದಲ್ಲಿ ಮಾತ್ರ ಹೆಡ್‌ಕೌಂಟ್‌ನದ್ದೇ ತಲೆಬಿಸಿ. ರಾತ್ರಿ ಹತ್ತಕ್ಕೆ ಗ್ರೂಪಿಗೆ ಫೋಟೊ ಹೋಗಬೇಕು. ಮೂವತ್ತಕ್ಕಿಂತ ಕಡಿಮೆಯಾದರೆ ರಿವ್ಯೂನಲ್ಲಿ "ನೀವು ಫೀಲ್ಡಿಗೆ ಹೋಗ್ತೀರಾ ಇಲ್ವಾ?" ಅಂತ ಶುರು. ಅವತ್ತು ಇಪ್ಪತ್ತೊಂಬತ್ತೇ ಇದ್ದದ್ದು.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿ ಜಗಲಿಯಲ್ಲಿ ಒಬ್ಬರು ಗೋಣಿ ಹೊದ್ದು ಮಲಗಿದ್ದರು. ಐವತ್ತರ ಆಸುಪಾಸು, ಕೊಪ್ಪಳ ಕಡೆಯವರು. ಮಳೆಯ ಇರಚಲು ಕಾಲಿಗೆ ಬೀಳುತ್ತಿತ್ತು. ಎಬ್ಬಿಸಿದರೆ ಬರಲ್ಲ ಅಂದರು. ಭಿಕ್ಷಾಟನೆ ನಿಷೇಧ ಕಾಯ್ದೆ 1975ರದ್ದು. ಅದರಡಿ ಭಿಕ್ಷುಕರನ್ನು ಹಿಡಿದೊಯ್ಯುವ ಗಾಡಿ ಕಂಡರೆ ಬೀದಿಯಲ್ಲಿ ಮಲಗುವವರಿಗೆ ಇವತ್ತಿಗೂ ನಡುಕ. ಇವರಿಗೂ ಅದೇ ಹೆದರಿಕೆ ಅಂದುಕೊಂಡೆ. "ಹಿಡಿಯುವವರಲ್ಲ ಮಾರಾಯ್ರೆ, ಬಿಸಿ ಗಂಜಿ ಉಂಟು, ಮಂಚ ಉಂಟು" ಅಂತ ಒತ್ತಾಯ ಮಾಡಿ ಕರೆತಂದೆ. ಯಾಕೆ ಬರಲ್ಲ ಅಂತ ಮಾತ್ರ ಕೇಳಲಿಲ್ಲ. ಮೂವತ್ತಾಯಿತು, ಫೋಟೊ ಹಾಕಿದೆ.

ಎರಡೂಮುಕ್ಕಾಲಕ್ಕೆ ಗೇಟು ಅಲುಗಾಡಿಸುವ ಸದ್ದು.

"ಸರ್ರ, ಗೇಟ್ ತೆಗೀರಿ. ಮೂರಕ್ಕ ದಕ್ಕ್ಯಾಗ ಇರಬೇಕ್ರಿ."

ದಕ್ಕೆ ಅಂದರೆ ಬೋಟುಗಳಿಂದ ಮೀನು ಇಳಿಸುವ ಕಟ್ಟೆ. ಹಿಂದಿನ ವಾರವಷ್ಟೇ ಒಬ್ಬರ ಮೊಬೈಲ್ ಕಳುವಾಗಿ ನನಗೆ ಬೈಗುಳ ಬಿದ್ದಿತ್ತು. ಈ ಹೊತ್ತಲ್ಲಿ ಎಂಥ ಕೆಲಸ ಅಂತ ಅನುಮಾನ. ಮ್ಯಾನೇಜರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಅವರು ಗೇಟಿನ ಸರಳು ಹಿಡಿದು ನಿಂತಿದ್ದರು, ನಾನು ಕೀ ಹಿಡಿದು ನಿಂತಿದ್ದೆ. ಕೊನೆಗೆ, ಹೇಳಲು ನಾಚಿಕೆಯಾಗುತ್ತದೆ, ಚೀಲ ತೆಗೆದು ತೋರಿಸಿ ಅಂದೆ.

ಒಂದು ಜೊತೆ ಗಂಬೂಟು. ಒಂದು ಲುಂಗಿ. ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಜೆರಾಕ್ಸ್. ತಲೆ ಮೇಲೆ ಬುಟ್ಟಿ ಹೊರಲು ಹಳೇ ಸೀರೆ ಸುತ್ತಿ ಮಾಡಿದ ಸಿಂಬಿ, ಮೀನಿನ ವಾಸನೆಯದ್ದು.

ಬೀಗ ತೆಗೆದಾಗ ಮೂರೂಕಾಲು. ಮಳೆಯಲ್ಲೇ ಓಡಿದರು. ಮೇಸ್ತ್ರಿ ಬೇರೆಯವರನ್ನು ಕರೆದುಕೊಂಡು ಹೋಗಿಯಾಗಿತ್ತಂತೆ. ಎರಡು ತಿಂಗಳು ದಕ್ಕೆಯಲ್ಲಿ ಕೆಲಸವಿಲ್ಲದೆ ಕಾದವರಿಗೆ ಅದು ಮೊದಲ ದಿನದ ಕೂಲಿ. ಅವರು ಆ ಜಗಲಿಯಲ್ಲಿ ಮಲಗುತ್ತಿದ್ದದ್ದೇ ದಕ್ಕೆ ಹತ್ತಿರ ಅಂತ.

ಲಕ್ಷ ಜನಸಂಖ್ಯೆಗೆ ಒಂದರಂತೆ, 24 ಗಂಟೆಯೂ ತೆರೆದಿರುವ ಕೇಂದ್ರ ಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಮ್ಮ ಬೋರ್ಡಿನಲ್ಲೂ ‘24 ಗಂಟೆ’ ಅಂತ ದೊಡ್ಡದಾಗಿ ಬರೆದಿದೆ. ಅದರ ಕೆಳಗಿನ ಗೇಟಿಗೆ ಹತ್ತರಿಂದ ಆರರವರೆಗೆ ಬೀಗ. ಸೆಕ್ಯೂರಿಟಿ ಅಂತೆ.

ಈಗ ರಿಜಿಸ್ಟರಿನಲ್ಲಿ ‘ಏಳಿಸಬೇಕಾದ ಹೊತ್ತು’ ಅಂತ ಪೆನ್ಸಿಲಿನಲ್ಲಿ ಒಂದು ಕಾಲಂ ಎಳೆದಿದ್ದೇನೆ. ಫಾರ್ಮ್ಯಾಟಿನಲ್ಲಿ ಇಲ್ಲ, ಅಳಿಸಿ ಅಂದರು. ಅಳಿಸಿಲ್ಲ. ಹೊರಗೆ ಹೋಗುವವರಿಗೆ ನಾನೇ ಎದ್ದು ಬೀಗ ತೆಗೆಯುತ್ತೇನೆ. ನಿದ್ದೆ ಹಾಳು, ಓಟಿ ಅಂತೂ ಇಲ್ಲ.

ಮೊನ್ನೆ ಅದೇ ಜಗಲಿಯಲ್ಲಿ ಅವರೇ ಸಿಕ್ಕಿದರು. ಎಷ್ಟು ಹೊತ್ತಿಗೆ ಬೇಕಾದರೂ ಗೇಟು ತೆಗೆಯುತ್ತೇನೆ, ಬನ್ನಿ ಅಂದೆ.

"ನೋಡೂಣ್ರಿ" ಅಂದರು. ಸಿಂಬಿಯನ್ನು ತಲೆಯಡಿ ಸರಿಮಾಡಿಕೊಂಡು ಆ ಕಡೆ ಮಗ್ಗುಲಾದರು.