ತೇಲುವ ಅಂಗಳದ ಭಾರ ಪರೀಕ್ಷೆ

ದಡದ ಪಕ್ಕ ನೀರಿನ ಮೇಲೆ ಒಂದು ತೇಲುವ ಅಂಗಳ. 20 ಮೀಟರ್ ಉದ್ದ, 10 ಮೀಟರ್ ಅಗಲ. ಜನ ಬಂದು ಕೂರಲಿ, ಮಕ್ಕಳು ಆಡಲಿ ಅಂತ ಕಟ್ಟಿದ್ದು. ಜನರಿಗೆ ಬಿಡುವ ಮುಂಚೆ ಭಾರದ ಪರೀಕ್ಷೆ ಆಗಲೇಬೇಕು. ಆ ದಿನ ಅಳತೆ ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು.

"ಇಷ್ಟು ಜನ ನಿಂತರೆ ಮುಳುಗಲ್ವಾ?" ಅಂತ ನೋಡಲು ಬಂದವರೆಲ್ಲ ಕೇಳಿದರು. ಆ ಲೆಕ್ಕ ನಿಜಕ್ಕೂ ಸುಲಭ. ಒಂದು ಚದರ ಮೀಟರ್ ಮೇಲೆ 1000 ಕಿಲೋ ಬಿದ್ದರೆ ಸುಮಾರು ಒಂದು ಮೀಟರ್ ಇಳಿಯುತ್ತದೆ. ನೂರು ಜನ ಅಂದರೆ 7 ಟನ್. ಅದನ್ನು ಅಂಗಳದ ತುಂಬ ಹಂಚಿದರೆ ಇಳಿಯುವುದು ಮೂರೂವರೆ ಸೆಂಟಿಮೀಟರ್, ಅಷ್ಟೇ. ಸಿಂಗಪುರದ ಮರೀನಾ ಬೇಯಲ್ಲಿ 2007ರಲ್ಲಿ ಕಟ್ಟಿದ ತೇಲುವ ವೇದಿಕೆ 120 ಮೀಟರ್ ಉದ್ದ, 83 ಮೀಟರ್ ಅಗಲ ಇತ್ತು. ಅದರ ಮೇಲೆ 9000 ಜನ ನಿಲ್ಲಬಹುದಿತ್ತು. ಅಷ್ಟೂ ಜನ ಸಮನಾಗಿ ನಿಂತರೂ ಇದೇ ಲೆಕ್ಕದಲ್ಲಿ ಆರು ಸೆಂಟಿಮೀಟರ್ ಚಿಲ್ಲರೆ ಇಳಿಯುತ್ತಿತ್ತು.

ಆದರೆ ಜನ ಸಮನಾಗಿ ನಿಲ್ಲುವುದಿಲ್ಲ ಅಲ್ವಾ? ದೂರದಲ್ಲಿ ಒಂದು ದೋಣಿ ಕಂಡರೆ ಸಾಕು, ಎಲ್ಲರೂ ಒಂದೇ ಅಂಚಿಗೆ ಓಡುತ್ತಾರೆ. ಅದಕ್ಕೇ ನಾವು ಮರಳುಚೀಲಗಳನ್ನೆಲ್ಲ ನೀರಿನ ಕಡೆಯ ಅಂಚಿನಲ್ಲೇ ಒತ್ತೊತ್ತಾಗಿ ಪೇರಿಸಿದೆವು. ಪಕ್ಕಕ್ಕೆ ಬಳಿದಿದ್ದ ಅಳತೆಪಟ್ಟಿಯ ಗೆರೆಗಳು ಒಂದೊಂದಾಗಿ ನೀರೊಳಗೆ ಹೋಗತೊಡಗಿದವು. 7 ಟನ್ ತುಂಬಿದಾಗ ಆ ಅಂಚು 13 ಸೆಂಟಿಮೀಟರ್ ಇಳಿದಿತ್ತು, ದಡದ ಕಡೆಯ ಅಂಚು ಸ್ವಲ್ಪ ಮೇಲೆದ್ದಿತ್ತು. ಕಾಲಿಗೆ ವಾಲಿದ್ದು ಗೊತ್ತಾಗುತ್ತಿತ್ತು, ಆದರೆ ಭಯ ಆಗುವಷ್ಟಲ್ಲ. ಖರ್ಚು ಉಳಿಸೋಣ, ಅಗಲ ಅರ್ಧ ಮಾಡೋಣ ಅಂತ ಹಿಂದೊಮ್ಮೆ ಒಂದು ಮಾತು ಬಂದಿತ್ತು. ಉದ್ದ ಅಷ್ಟೇ ಇಟ್ಟು ಅಗಲ ಅರ್ಧಕ್ಕಿಳಿಸಿದರೆ ವಾಲದಂತೆ ತಡೆಯುವ ಶಕ್ತಿ ಹೆಚ್ಚುಕಡಿಮೆ ಎಂಟನೇ ಒಂದು ಪಾಲಿಗೆ ಬೀಳುತ್ತದೆ. ಆ ಮಾತಿಗೆ ಯಾರೂ ಒಪ್ಪದೇ ಇದ್ದದ್ದು ದೊಡ್ಡ ಪುಣ್ಯ.

ಮಧ್ಯಾಹ್ನದ ಹೊತ್ತಿಗೆ ಭರತದ ನೀರು ಇಳಿಯತೊಡಗಿತು. ಅಂಗಳ ನಾಲ್ಕು ಉಕ್ಕಿನ ಕಂಬ ಹಿಡಿದುಕೊಂಡು ನಿಧಾನಕ್ಕೆ ಕೆಳಗೆ ಜಾರಿತು. ಕಂಬಕ್ಕೆ ತಾಗುವ ರಬ್ಬರ್ ಉರುಳೆಗಳು ಒದ್ದೆಯಾಗಿ ತಿರುಗುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ನೆದರ್ಲೆಂಡ್ಸಿನ ಮಾಸ್‌ಬೊಮ್ಮೆಲ್‌ನಲ್ಲಿ ನದಿ ಪಕ್ಕದ ಮನೆಗಳೂ ಪ್ರವಾಹ ಬಂದಾಗ ಹೀಗೇ ಕಂಬ ಹಿಡಿದು ಮೇಲೇರುತ್ತವೆ. ನೀರಿಗೆ, ಕರೆಂಟಿಗೆ ಅಲ್ಲಿ ಬಾಗುವ ಪೈಪುಗಳೇ ಇವೆ.

ಪೈಪನ್ನು ಬಾಗಿಸಬಹುದು. ಜನ ನಡೆಯುವ ದಾರಿಯನ್ನು ಬೇಕಾದಷ್ಟು ಬಾಗಿಸಲು ಆಗುತ್ತದಾ? ನೀರು 1.2 ಮೀಟರ್ ಇಳಿದಿತ್ತು. ಬೆಳಿಗ್ಗೆ ದಡಕ್ಕೆ ಸಮನಾಗಿದ್ದ ಸಂಪರ್ಕ ಸೇತುವೆ ಈಗ ಜಾರುಬಂಡೆಯ ಹಾಗೆ ನಿಂತಿತ್ತು. ನಮ್ಮ ತಂಡದಲ್ಲಿ ಗಾಲಿಕುರ್ಚಿ ಬಳಸುವ ಮೇಡಂ ಒಬ್ಬರಿದ್ದಾರೆ. ಅವರು ಮೇಲಿನ ತುದಿಯಲ್ಲೇ ಬ್ರೇಕ್ ಹಾಕಿ ನಿಂತರು. "ಇಳಿಯೋದು ಹೇಗೋ ಆಗುತ್ತೆ. ವಾಪಸ್ ಹತ್ತೋಕೆ ನನ್ನ ಕೈಲಿ ಆಗಲ್ಲ" ಅಂದರು.

ಗಾಲಿಕುರ್ಚಿಗೆ ಒಂದು ಮೀಟರ್ ಎತ್ತರಕ್ಕೆ 12 ಮೀಟರ್ ಉದ್ದದ ಇಳಿಜಾರು ಬೇಕು. ಅಂದರೆ ನಮಗೆ 14.4 ಮೀಟರ್. ಮೂಲ ನಕ್ಷೆಯಲ್ಲಿ 15 ಇತ್ತು. ಹಣ ಕೊಡುವವರು ಅದನ್ನು 8ಕ್ಕೆ ಇಳಿಸಿದ್ದರು. ನನಗೆ ತುಂಬ ಬೇಸರವಾಯಿತು. ಕೈಗಾಡಿಯಲ್ಲಿ ಮಗು ತರುವ ತಾಯಿ, ಮಂಡಿನೋವಿನ ಅಜ್ಜಿ, ಇವರೆಲ್ಲ ಭರತದ ಹೊತ್ತಿಗೆ ಮಾತ್ರ ಬರಬೇಕಾ? ನೀರಿನ ಅಂಚು ಊರಿಗೆಲ್ಲ ಸೇರಿದ್ದು ಅಂತ ತಾನೇ ಇಷ್ಟೆಲ್ಲ ಕಟ್ಟಿದ್ದು?

ವರದಿಯಲ್ಲಿ ಭಾರ ಪರೀಕ್ಷೆ ಪಾಸ್ ಅಂತ ಬರೆದೆ. ಅದರ ಕೆಳಗೇ, ಸೇತುವೆ ಬದಲಾಗುವವರೆಗೆ ತೆರೆಯಬಾರದು ಅಂತಲೂ ಬರೆದೆ. ಮೇಡಂ ಸಹಿ ಹಾಕಿದರು, ಉಳಿದವರೂ ಹಾಕಿದರು. ಕೆಲವು ವಾರ ಎಳೆದಾಡಿದ ಮೇಲೆ 15 ಮೀಟರಿಗೆ ಒಪ್ಪಿಗೆ ಸಿಕ್ಕಿತು. ಉದ್ದದ ಸೇತುವೆ ಭಾರವೂ ಜಾಸ್ತಿ. ಅದರ ಅರ್ಧ ತೂಕ ಅಂಗಳದ ಒಂದೇ ಬದಿಗೆ ಬೀಳುತ್ತದೆ. ಹಾಗಾಗಿ ಆ ಬದಿಗೆ ಇನ್ನೊಂದು ತೇಲುಪೆಟ್ಟಿಗೆ ಸೇರಿಸಿ, ಮರಳುಚೀಲಗಳನ್ನು ಮತ್ತೆ ತರಿಸಿದೆವು.