ಮಾಳಿಗೆಗೆ ಚೌಳು, ಗೋಡೆಗೆ ಸುಣ್ಣ: ಗಂಗಾವತಿಯ ಹಳೆ ಮನೆ ರಿಪೇರಿಯ ವಾರವಾರದ ದಾಖಲೆ

ಮನೆ ಹಳೆ ಗಂಗಾವತಿಯದು. 22 ಇಂಚು ದಪ್ಪದ ಗೋಡೆ, ಬಂಡೆಗಲ್ಲನ್ನು ಮಣ್ಣಿನಲ್ಲೇ ಕೂಡಿಸಿ ಕಟ್ಟಿದ್ದು. ಮೇಲೆ ತೊಲೆ, ಜಂತಿ, ಹಲಗೆ, ಅದರ ಮೇಲೆ ಮಣ್ಣಿನ ಮಾಳಿಗೆ. ಕೆಲಸ ಹಿಡಿದಿರುವುದು 12 × 14 ಅಡಿಯ ಪಡಸಾಲೆಯಲ್ಲಿ. ತೊಂದರೆ ಎರಡು: ಬೆಳಕಿಂಡಿಯ ಸುತ್ತ ಮತ್ತು ಮಾಳಿಗೆಯ ನೀರು ಹೊರಬೀಳುವ ದೋಣಿಯ ಬುಡದಲ್ಲಿ ಸೋರುತ್ತದೆ, ಹಿತ್ತಲ ಕಡೆಯ ಗೋಡೆಗೆ ಮೂರೂವರೆ ಅಡಿ ಎತ್ತರದವರೆಗೆ ಉಪ್ಪು ಹಿಡಿದು ಗಿಲಾವು ಉದುರುತ್ತದೆ. ಕೆಲಸ ಶನಿವಾರ, ಭಾನುವಾರ ಮಾತ್ರ. ಮುಂಗಾರು ಹಿಡಿಯುವುದರೊಳಗೆ ಮಾಳಿಗೆ ಮುಗಿಯಬೇಕು, ಆದ್ದರಿಂದ ಮೊದಲು ಮೇಲೆ, ಆಮೇಲೆ ಕೆಳಗೆ.

ಮಾರ್ಚ್, ಎರಡನೇ ವಾರ

ಗೋಡೆಯ ತೇವ ಎಲ್ಲಿಂದ ಬರುತ್ತದೆಂದು ತಿಳಿಯದೆ ಉಳಿ ಹಿಡಿಯಬಾರದು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟೆವು. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ ಹನಿ ಕಟ್ಟಿತ್ತು. ಅಲ್ಲಿಗೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ. ಹನಿ ಹೊರಮೈಯಲ್ಲಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯದು. ತೇವದ ಗೆರೆ ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕಿದೆ, ಆದ್ದರಿಂದ ನೆಲದಿಂದ ಏರುವ ನೀರೇ ಮುಖ್ಯ. ಬಚ್ಚಲ ಮೂಲೆಯಲ್ಲಿ ಮಾತ್ರ ಗೆರೆ ಒಂದಡಿ ಹೆಚ್ಚು. ಬಚ್ಚಲ ಪೈಪಿನ ಜೋಡಣೆಯೂ ಸೋರುತ್ತಿದೆ ಎಂಬುದು ಅದರಿಂದ ಗೊತ್ತಾಯಿತು.

ಈ ಭಾಗದಲ್ಲಿ ಇದು ಒಂದು ಮನೆಯ ಕಥೆಯಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಗಿ ಎಡದಂಡೆ ನಾಲೆಗೆ ನೀರು ಬಂತು, ಭತ್ತ ಬಂತು, ನೆಲದೊಳಗಿನ ನೀರು ಮೇಲೇರಿತು, ಅದರ ಜೊತೆ ಉಪ್ಪೂ ಏರಿತು. ಗಂಗಾವತಿ, ಸಿಂಧನೂರು ಕಡೆ ಎಷ್ಟೋ ಹೊಲ ಚೌಳಾದದ್ದು ಹೀಗೆಯೇ. ಹೊಲದಲ್ಲಿ ಆದದ್ದೇ ಗೋಡೆಯಲ್ಲೂ ಆಗುತ್ತದೆ: ನೀರು ಆವಿಯಾಗುವ ಕಡೆ ಉಪ್ಪು ಹರಳುಗಟ್ಟಿ ಹಿಗ್ಗಿ, ಗಿಲಾವನ್ನು ಒಳಗಿನಿಂದ ತಳ್ಳುತ್ತದೆ. ಮೇಲೆ ಸಿಮೆಂಟ್ ಬಡಿದರೆ ಆವಿ ಹೋಗಲು ದಾರಿ ಸಿಗದೆ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ.

ಸುಣ್ಣವನ್ನು ಇದೇ ವಾರ ಅರಳಿಸಿಟ್ಟೆವು, ಗೋಡೆಯ ಹೊತ್ತಿಗೆ ಹದವಾಗಿರಲಿ ಎಂದು. ಸುಟ್ಟ ಸುಣ್ಣದ ಹೆಂಟೆ 25 ಕೆಜಿ, ಕಬ್ಬಿಣದ ಡ್ರಮ್ಮು, ಅದರಲ್ಲಿ ಮೊದಲೇ ತುಂಬಿಟ್ಟ 70 ಲೀಟರ್ ನಳದ ನೀರು. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು. ಸುರಿದರೆ ಸಿಡಿದು ಕಣ್ಣಿಗೆ ಹಾರುತ್ತದೆ. ನೀರು ಕುದಿಯುವಷ್ಟು ಕಾಯುವುದರಿಂದ ಪ್ಲಾಸ್ಟಿಕ್ ಡ್ರಮ್ ಬೇಡ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು, ಪಕ್ಕದಲ್ಲಿ ಒಂದು ಕೊಡ ಶುದ್ಧ ನೀರು. ಆರಿದ ಮೇಲೆ ಸಣ್ಣ ಜರಡಿಯಲ್ಲಿ ಸೋಸಿ, ಮೇಲೆ ಎರಡಿಂಚು ನೀರು ನಿಲ್ಲಿಸಿ ಮುಚ್ಚಿಟ್ಟದ್ದು. ಬೆಣ್ಣೆಯಂಥ ಸುಣ್ಣ ಸುಮಾರು 50 ಲೀಟರ್ ಸಿಕ್ಕಿತು.

ಮೂರನೇ ವಾರ

ಕುಂಬಿಯ (ಮಾಳಿಗೆಯಂಚಿನ ಗಿಡ್ಡ ಗೋಡೆಯ) ಹತ್ತಿರ ಮಾಳಿಗೆಯನ್ನು ಅಗೆದು ಅಳೆದರೆ ಮಣ್ಣಿನ ದಪ್ಪ 13 ಇಂಚು. ತಳದ ಮೂಲ ಮಣ್ಣು ಬಣ್ಣದಲ್ಲೇ ಬೇರೆ ಕಾಣುತ್ತದೆ, ಅದು 8 ಇಂಚು. ಉಳಿದ ಐದಿಂಚು, ಸೋರಿದಾಗಲೆಲ್ಲ ಹಳೆಯದನ್ನು ಕೆರೆಯದೆ ಮೇಲೆ ಮೇಲೆ ಹಾಕುತ್ತ ಬಂದದ್ದು. ಇದನ್ನು ಎಲ್ಲರೂ ಒಮ್ಮೆ ಲೆಕ್ಕ ಹಾಕಿ ನೋಡಬೇಕು: ಒಂದು ಚದರ ಅಡಿಗೆ ಒಂದಿಂಚು ಮಣ್ಣು ಸುಮಾರು 4 ಕೆಜಿ. 168 ಚದರ ಅಡಿಗೆ ಐದಿಂಚು ಅಂದರೆ ಸುಮಾರು 3.4 ಟನ್. ಅಷ್ಟು ಭಾರವನ್ನು ಜಂತಿ ಸುಮ್ಮನೆ ಹೊತ್ತು ನಿಂತಿದೆ. ತೊಲೆಯ ಎರಡು ತುದಿಗೆ ದಾರ ಬಿಗಿದು ಅಳೆದಾಗ ನಡುವೆ 38 ಮಿಮೀ ಬಾಗು.

ಮಣ್ಣು ಮುಟ್ಟುವ ಮುಂಚೆ ತೊಲೆಯ ಕೆಳಗೆ ಮೂರು ಕಡೆ ಕಬ್ಬಿಣದ ಜಾಕಿ, ಬುಡಕ್ಕೊಂದು ಹಲಗೆ. ಜಾಕಿ ತೊಲೆಗೆ ತಾಗಿದರೆ ಸಾಕು. ಮೇಲಕ್ಕೆ ಎತ್ತಲು ಹೋದರೆ ಗೋಡೆಯ ಮೇಲೆ ಕೂತ ತೊಲೆಯ ತುದಿ ಅಲುಗಿ ಕಲ್ಲು ಸಡಿಲಾಗುತ್ತದೆ. ಕೆರೆಯುವುದೂ ಒಂದು ತುದಿಯಿಂದ ಇನ್ನೊಂದಕ್ಕಲ್ಲ. ಎರಡೂ ಬದಿಯಿಂದ ನಡುವಿನ ಕಡೆಗೆ, ಒಂದೊಂದು ಇಂಚಿನಂತೆ. ನಾಲ್ಕಿಂಚು ತೆಗೆದ ಮೇಲೆ ಬಾಗು 31 ಮಿಮೀಗೆ ಇಳಿಯಿತು. ಪೂರ್ತಿ ನೆಟ್ಟಗಾಗುವುದಿಲ್ಲ, ಎಷ್ಟೋ ವರ್ಷ ಬಾಗಿ ನಿಂತ ಮರ ಅದು.

ಕೆರೆದ ಮಣ್ಣನ್ನು ಹಿತ್ತಲಲ್ಲಿ, ಮಗ್ಗುಲ ಗೋಡೆಗೆ ಒರಗಿಸಿ ಗುಡ್ಡೆ ಹಾಕಲಾಯಿತು. ಅದು ತಪ್ಪು. ಮುಂದೆ ಬರುತ್ತದೆ.

ನಾಲ್ಕನೇ ವಾರ

ಬೆಳಕಿಂಡಿಯ ಪಕ್ಕದ ಎರಡು ಜಂತಿಗೆ ಗೆದ್ದಲು. ಒಂದನ್ನು ಮೊಳೆಯಿಂದ ಚುಚ್ಚಿದರೆ ಕಾಲಿಂಚು ಮಾತ್ರ ಹೋಯಿತು, ಅದು ಉಳಿಯಿತು. ಇನ್ನೊಂದು ಪೊಳ್ಳು, ಪಕ್ಕಕ್ಕೆ ಅದೇ ಅಳತೆಯ ಹಳೆ ತೇಗದ ಜಂತಿ ಜೋಡಿಸಿ ಎರಡಕ್ಕೂ ಬೋಲ್ಟ್ ಹಾಕಿದ್ದು. ಔಷಧಕ್ಕೆ 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೊರ್ಯಾಕ್ಸ್, 200 ಗ್ರಾಂ ಬೋರಿಕ್ ಆಮ್ಲ ಕರಗಿಸಿ, ಬ್ರಷ್‌ನಿಂದ ಮೂರು ಸಲ, ಪ್ರತಿ ಸಲವೂ ಮರ ಕುಡಿಯುವಷ್ಟು. ಇದು ನೀರಿಗೆ ತೊಳೆದು ಹೋಗುವಂಥದ್ದು, ಆದ್ದರಿಂದ ನೆನೆಯದ ಒಳಮರಕ್ಕೆ ಮಾತ್ರ.

ದೋಣಿ ಗೋಡೆಯಿಂದ ಬರೀ ಐದಿಂಚು ಹೊರಗಿತ್ತು. ಮಾಳಿಗೆಯ ನೀರೆಲ್ಲ ಗೋಡೆಯ ಮೈ ಸವರಿಕೊಂಡೇ ಇಳಿದಿದೆ. ಜಿಂಕ್ ತಗಡಿನ ಹೊಸ ದೋಣಿ ಮಾಡಿಸಿ, ಗೋಡೆಯಿಂದ ಒಂದೂವರೆ ಅಡಿ ಆಚೆ ನೀರು ಬೀಳುವಂತೆ ಕೂಡಿಸಿದ್ದು. ತುದಿಯನ್ನು ಅರ್ಧ ಇಂಚು ಕೆಳಕ್ಕೆ ಮಡಿಸಬೇಕು. ಮಡಿಸದಿದ್ದರೆ ಸಣ್ಣ ಮಳೆಯಲ್ಲಿ ನೀರು ತಗಡಿನ ಅಡಿಯಲ್ಲೇ ಹಿಂದಕ್ಕೆ ಹರಿದು ಗೋಡೆಗೆ ಬರುತ್ತದೆ.

ಏಪ್ರಿಲ್, ಮೊದಲ ವಾರ: ಚೌಳು ಮಣ್ಣು

ಈ ಕೆಲಸದಲ್ಲಿ ಎಲ್ಲಕ್ಕಿಂತ ಕಾಳಜಿಯಿಂದ ಮಾಡಬೇಕಾದದ್ದು ಇದು. ಬಳ್ಳಾರಿ, ರಾಯಚೂರು, ಕೊಪ್ಪಳದ ಮಾಳಿಗೆಗಳಿಗೆ ಹಿರಿಯರು ಚೌಳು ಮಣ್ಣನ್ನೇ ಹಾಕಿದ್ದಕ್ಕೆ ಗಟ್ಟಿ ಕಾರಣವಿದೆ. ಚೌಳಿನಲ್ಲಿ ಸೋಡಿಯಂ ಹೆಚ್ಚು. ಮಳೆನೀರು ತಾಗಿದೊಡನೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ಮಣ್ಣಿನ ಸಂದುಗಳಲ್ಲಿ ಕೂತು ಅವನ್ನು ಮುಚ್ಚಿಬಿಡುತ್ತವೆ. ಮೇಲಿನ ಒಂದು ಪದರ ಕೆಸರಾದೀತು, ಅದರ ಕೆಳಗೆ ನೀರು ಇಳಿಯುವುದಿಲ್ಲ. ಹೊಲದಲ್ಲಿ ನೀರು ಇಂಗದೆ ಬೆಳೆ ಸಾಯುವುದಕ್ಕೂ ಇದೇ ಗುಣ ಕಾರಣ.

ಬೆಳ್ಳಗೆ ಕಂಡ ಮಣ್ಣೆಲ್ಲ ಚೌಳಲ್ಲ. ಪರೀಕ್ಷೆ ಸುಲಭ. ಗಾಜಿನ ಲೋಟದಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ನೀರು. ಅದರಲ್ಲಿ ಕಡಲೆಕಾಳಿನಷ್ಟು ಒಣ ಹೆಂಟೆಯನ್ನು ಮೆಲ್ಲಗೆ ಬಿಟ್ಟು, ಅಲುಗಿಸದೆ ನೋಡುತ್ತ ಕೂಡಬೇಕು. ಕೆರೆಯಂಚಿನಿಂದ ತಂದ ಮಣ್ಣು ಪುಡಿಯಾಗಿ ತಳಕ್ಕೆ ಕೂತಿತು, ನೀರು ತಿಳಿಯಾಗೇ ಉಳಿಯಿತು. ಅದು ಬೇಡ. ಪಾಳು ಬಿದ್ದ ಹೊಲದಿಂದ ತಂದ ಎರಡನೇ ಹೆಂಟೆಯ ಸುತ್ತ ಐದು ನಿಮಿಷದಲ್ಲಿ ಹಾಲಿನಂಥ ಮೋಡ ಎದ್ದಿತು. ಅರ್ಧ ಗಂಟೆಗೆ ಲೋಟದ ತಳ ಕಾಣಲಿಲ್ಲ. ಮಾರನೆ ದಿನ ಬೆಳಿಗ್ಗೆಯೂ ನೀರು ಮಬ್ಬೇ. ಇದು ಮಾಳಿಗೆಯ ಮಣ್ಣು. ಪರೀಕ್ಷೆಗೆ ಬೋರ್ ನೀರು ಬಳಸಿದರೆ ಅದರಲ್ಲಿನ ಉಪ್ಪಿಗೆ ಒಳ್ಳೆ ಚೌಳೂ ಚದುರದೆ ಮೋಸ ಮಾಡುತ್ತದೆ.

ಇನ್ನೊಂದು ಎಚ್ಚರ: ಜಿಪ್ಸಂ ಹಾಕಿದ ಹೊಲದ ಮಣ್ಣು ತರಬಾರದು. ಚೌಳು ಹೊಲ ಸುಧಾರಿಸಲು ರೈತರು ಜಿಪ್ಸಂ ಹಾಕುವುದೇ ಅದರ ಕ್ಯಾಲ್ಸಿಯಂ ಜೇಡಿಯ ಕಣಗಳನ್ನು ಮತ್ತೆ ಗುಂಪು ಮಾಡಲಿ, ನೀರು ಇಂಗಲಿ ಎಂದು. ಮಾಳಿಗೆಯಲ್ಲಿ ನಮಗೆ ಬೇಕಾದದ್ದು ಅದರ ತದ್ವಿರುದ್ಧ. ಚೌಳು ಮಾಳಿಗೆಯ ಮೇಲೆ ಸುಣ್ಣದ ನೀರು ಚೆಲ್ಲಬಾರದು ಎನ್ನುವುದಕ್ಕೂ ಇದೇ ಕಾರಣ.

ಹಾಕಿದ್ದು 50 ಕೆಜಿ ಅಕ್ಕಿ ಚೀಲದಲ್ಲಿ 24 ಚೀಲ. ಒಣ ಮಣ್ಣನ್ನು ಜರಡಿ ಹಿಡಿದು, ಬೇರು, ಕಲ್ಲು ತೆಗೆದು, ಎರಡಿಂಚು ಸಡಿಲವಾಗಿ ಹರಡಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಿ ಕೈಗೆ ಅಂಟದಷ್ಟು ನೀರು ಚಿಮುಕಿಸಿ, ಕೊಡತಿಯಿಂದ ಬಡಿದಾಗ ಒಂದೂವರೆ ಇಂಚಿಗೆ ಕೂತಿತು. ದೋಣಿಯ ಕಡೆಗೆ 40 ಅಡಿಗೆ ಒಂದಡಿಯ ಲೆಕ್ಕದಲ್ಲಿ ಇಳಿಜಾರು, ಲೆವೆಲ್ ಪೈಪಿನಲ್ಲಿ ನೋಡಿದ್ದು. ಏಪ್ರಿಲ್ ಬಿಸಿಲಿಗೆ ಬಿಟ್ಟರೆ ಸಂಜೆಗೆ ಬಿರುಕು ಬಿಡುತ್ತದೆ. ಮೂರು ದಿನ ಭತ್ತದ ಹುಲ್ಲು ಹೊದಿಸಿ ನಿಧಾನ ಒಣಗಿಸಿದೆವು. ಆದರೂ ಬಂದ ಕೂದಲೆಳೆ ಬಿರುಕಿಗೆ ಒಣ ಚೌಳಿನ ಪುಡಿ ಉದುರಿಸಿ ಪೊರಕೆಯಿಂದ ಎಳೆದರೆ ಸಾಕು. ಸಿಮೆಂಟ್ ಗಂಜಿ ಬೇಡವೇ ಬೇಡ. ಕೆಳಗಿನ ಮರ ಅಲುಗುತ್ತದೆ, ಸಿಮೆಂಟ್ ಸೀಳುತ್ತದೆ, ಆ ಸೀಳಿನಿಂದಲೇ ನೀರು ಒಳಗೆ ಹೋಗಿ ಮರಕ್ಕೆ ನಿಲ್ಲುತ್ತದೆ.

ಎರಡನೇ ವಾರ

ಗುರುವಾರ ರಾತ್ರಿ ಅಡ್ಡಮಳೆ ಬಿತ್ತು. ಮಾಳಿಗೆ ಸೋರಲಿಲ್ಲ. ಆದರೆ ಹಿತ್ತಲಲ್ಲಿ ಗುಡ್ಡೆ ಹಾಕಿದ ಹಳೆ ಮಣ್ಣು ನೆನೆದು, ಇಷ್ಟು ದಿನ ಚೊಕ್ಕವಾಗಿದ್ದ ಮಗ್ಗುಲ ಗೋಡೆಯ ಬುಡದಲ್ಲಿ ಭಾನುವಾರದ ಹೊತ್ತಿಗೆ ಒಂಬತ್ತು ಇಂಚು ಎತ್ತರಕ್ಕೆ ಬಿಳಿ ಹೂ ಎದ್ದಿತು. ಮಾಳಿಗೆಯನ್ನು ಕಾಯುವ ಉಪ್ಪೇ ಗೋಡೆಯನ್ನು ತಿನ್ನುತ್ತದೆ. ಕೆರೆದ ಮಣ್ಣು ಗೋಡೆಯ ಹತ್ತಿರ ಒಂದು ರಾತ್ರಿಯೂ ಇರಬಾರದು, ನೇರ ಟ್ರ್ಯಾಕ್ಟರ್‌ಗೆ ಹೋಗಬೇಕು. ಹಿತ್ತಲ ಗೋಡೆಯ ಮೇಲ್ಭಾಗದಲ್ಲಿ ದೋಣಿಯ ಕೆಳಗೆ ಮಾತ್ರ ಉಪ್ಪಿನ ಪಟ್ಟೆ ಯಾಕಿತ್ತು ಎಂಬುದಕ್ಕೂ ಉತ್ತರ ಸಿಕ್ಕಿತು: ಐದಿಂಚಿನ ದೋಣಿ ಅಷ್ಟು ವರ್ಷ ಚೌಳಿನ ನೀರನ್ನೇ ಗೋಡೆಗೆ ಕುಡಿಸಿದೆ.

ಅದೇ ವಾರ ಹಳೆ ಸಿಮೆಂಟ್ ಗಿಲಾವನ್ನು ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ, ಅಂದರೆ ನಾಲ್ಕೂವರೆ ಅಡಿಯವರೆಗೆ ಬಿಡಿಸಿದ್ದು. ಉಳಿ, ಒಂದು ಕೆಜಿ ಸುತ್ತಿಗೆ ಸಾಕು. ಬ್ರೇಕರ್ ಮಷಿನ್ ಹಚ್ಚಿದರೆ ಮಣ್ಣಿನ ಸಂದು ಅದುರಿ ಕಲ್ಲೇ ಕದಲುತ್ತದೆ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ, ಕೆಳಗೆ ಹಾಸಿದ ಕಾಗದದ ಮೇಲೆ ಹಿಡಿದು ಹೊರಗೆ ಎಸೆಯಬೇಕು. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.

ಮೂರನೇ ವಾರದಿಂದ ಮೇ ಮೊದಲ ವಾರದವರೆಗೆ

ಉಪ್ಪು ಹೀರುವ ಪಟ್ಟು. ಹಳೆ ಪತ್ರಿಕೆಗಳನ್ನು ಒಂದು ದಿನ ನೆನೆಸಿ ಅರೆದು, ಒಂದು ಹಿಡಿ ಜೇಡಿ ಮಣ್ಣು ಸೇರಿಸಿ, ಗೋಡೆಗೆ ಅರ್ಧ ಇಂಚು ದಪ್ಪ ಮೆತ್ತಿದ್ದು. ನೀರು ಇದಕ್ಕೂ ಘಟಕದ್ದೇ. ಒಣಗುತ್ತ ಹೋದಂತೆ ಗೋಡೆಯ ಉಪ್ಪು ಕಾಗದಕ್ಕೆ ಬರುತ್ತದೆ; ಪೂರ್ತಿ ಒಣಗಿದಾಗ ಹಪ್ಪಳದ ಹಾಗೆ ಕಳಚುತ್ತದೆ. ಎಷ್ಟು ಬಂತು ಎಂದು ತಿಳಿಯಲು ನೀರಿನ ಫಿಲ್ಟರ್‌ಗೆ ಬಳಸುವ, ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರ್ ಇದ್ದರಾಯಿತು. ಒಣಗಿದ ಪಟ್ಟು 50 ಗ್ರಾಂ ಒಂದು ಲೀಟರ್ ನೀರಿನಲ್ಲಿ ನೆನೆಸಿ ಅಳೆದದ್ದು, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ: ಮೊದಲ ಸಲ 1,900, ಎರಡನೇ ಸಲ 1,100, ಮೂರನೇ ಸಲ 620. ಗೋಡೆಗೆ ಹಚ್ಚದ ಕಾಗದದ್ದು 90. ಮೂರಕ್ಕೆ ನಿಲ್ಲಿಸಿದೆವು. ಪೂರ್ತಿ ಉಪ್ಪು ಹೋಗುವುದಿಲ್ಲ, ಉಳಿದದ್ದನ್ನು ಸುಣ್ಣದ ಗಿಲಾವು ತಾನು ತಿಂದು ಕಲ್ಲನ್ನು ಉಳಿಸಬೇಕು.

ಪಟ್ಟು ಒಣಗುವ ಬಿಡುವಿನಲ್ಲಿ ಬಚ್ಚಲ ಪೈಪ್ ಬದಲಾಯಿತು. ಹಿತ್ತಲಲ್ಲಿ ಗೋಡೆಯಿಂದ ಎರಡಡಿ ಆಚೆ 14 ಅಡಿ ಉದ್ದ, ಒಂದಡಿ ಆಳದ ಕಾಲುವೆ ತೋಡಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ, ಮೇಲೆ ತೂತು ಕೆಳಮುಖವಾಗಿಟ್ಟ 4 ಇಂಚಿನ ಪೈಪ್, ಸುತ್ತ 20 ಮಿಮೀ ಖಡಿ. ಇಳಿಜಾರು ಐದಡಿಗೆ ಒಂದಿಂಚು. ಇಲ್ಲಿ ನೆಲ ಎರೆಮಣ್ಣು, ನೀರು ನಿಂತರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಕಾಲುವೆ ನೀರನ್ನು ಇಂಗಿಸದೆ ಆಚೆ ಒಯ್ಯಬೇಕು. ತೇವದ ಗೋಡೆಯ ಸ್ವಿಚ್ ಬೋರ್ಡನ್ನು ಒಳಗೋಡೆಗೆ ಸಾಗಿಸಿ, ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿದ್ದು. ಈ ಕೆಲಸಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬೇಕು.

ಮೇ ಎರಡನೇ ವಾರ

ಸಂದುಗಳ ಮಣ್ಣನ್ನು ಒಂದಿಂಚು ಕೆರೆದು, ಗಾರೆ ತುಂಬಿ, ದೊಡ್ಡ ಸಂದಿಗೆ ಕಲ್ಲಿನ ಚಕ್ಕೆ ಹೊಡೆದದ್ದು. ಮೊದಲ ಪದರದ ಗಾರೆ: ಸುಣ್ಣ 1, ತೊಳೆದ ಉಸುಕು 3. 54 ಚದರ ಅಡಿಗೆ ಎರಡು ಪದರ, ಸಂದು, ಉದುರಿದ್ದು ಎಲ್ಲ ಸೇರಿ ಸುಣ್ಣ 45 ಲೀಟರ್ ಹಿಡಿಯಿತು. ನೀರು ಹೆಚ್ಚು ಹಾಕುವ ಆಸೆ ಬರುತ್ತದೆ. ಹಾಕಬಾರದು, ಹತ್ತು ನಿಮಿಷ ಕೊಡತಿಯಿಂದ ಕುಟ್ಟಿದರೆ ಅದೇ ಗಾರೆ ತಾನೇ ಮೆತ್ತಗಾಗುತ್ತದೆ.

ತೇವದ ಸಂದಿಗೆ ಗಾಳಿ ಕಡಿಮೆ, ಗಾಳಿ ಇಲ್ಲದೆ ಸುಣ್ಣ ಗಟ್ಟಿಯಾಗುವುದಿಲ್ಲ. ಅಲ್ಲಿ ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಬೇಕು. ಅದರ ಬದಲು ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಆದೀತೇ ಎಂದು ಒಂದಡಿ ಚೌಕದ ಎರಡು ತುಂಡಿನಲ್ಲಿ ನೋಡಿದೆವು. ನುಣ್ಣಗೆ ಅರೆದ ಬೂದುಬಣ್ಣದ ಬೂದಿಯದು ಹತ್ತು ದಿನಕ್ಕೆ ಉಗುರಿಗೆ ಸಿಗಲಿಲ್ಲ. ಕಪ್ಪು ಬೂದಿಯದು, ಸುಡದ ಇಂಗಾಲ ಉಳಿದದ್ದಕ್ಕೆ, ಮೆತ್ತಗೇ ಇದೆ.

ಒಂದು ಪದರ 10 ಮಿಮೀ ಮೀರಬಾರದು. ಮೇ ತಿಂಗಳ ಬಿಸಿಗಾಳಿಗೆ ಗಾರೆ ಗಟ್ಟಿಯಾಗುವ ಮುಂಚೆ ಬರೀ ಒಣಗಿ ಪುಡಿಯಾಗುತ್ತದೆ, ಆದ್ದರಿಂದ ಒದ್ದೆ ಗೋಣಿತಟ್ಟು ಇಳಿಬಿಟ್ಟು ದಿನಕ್ಕೆ ಮೂರು ಸಲ ಪಂಪಿನಿಂದ ಮಂಜಿನಂತೆ ನೀರು. ಕಿಟಕಿಯ ಬಳಿ ಒಂದು ಮಧ್ಯಾಹ್ನ ತಪ್ಪಿತು, ಅಲ್ಲಿ ಎರಡಡಿ ಬಿರುಕಾಯಿತು. ಹಸಿ ಇರುವಾಗಲೇ ಮರದ ತಟ್ಟುಹಲಗೆಯಿಂದ ತಟ್ಟಿ ಕೂಡಿಸಿದ್ದು.

ಮೂರನೇ ವಾರ

ಕಾಯುವುದು. ಬೇರೇನಿಲ್ಲ.

ನಾಲ್ಕನೇ ವಾರ, ಜೂನ್ ಮೊದಲ ವಾರ

ಎರಡನೇ ಪದರ 8 ಮಿಮೀ, ಸಣ್ಣ ಜರಡಿಯ ಉಸುಕು, 1ಕ್ಕೆ 2. ವಾರ ಬಿಟ್ಟು ಸುಣ್ಣ ಬಳಿದದ್ದು: ಸುಣ್ಣ ಒಂದು ಪಾಲು, ನೀರು ಮೂರು, ಪಂಚೆಯಲ್ಲಿ ಸೋಸಿ, ತೆಳ್ಳಗೆ ನಾಲ್ಕು ಸಲ. ಗೋಡೆ ಒದ್ದೆ ಮಾಡಿ ಬಳಿಯಬೇಕು. ಹಸಿ ಇರುವಾಗ ಏನೂ ಕಾಣುವುದಿಲ್ಲ, ಇನ್ನೊಂದು ಕೈ ದಪ್ಪ ಹಚ್ಚೋಣ ಅನಿಸುತ್ತದೆ; ಒಣಗಿದ ಮೇಲೆ ಬೆಳ್ಳಗಾಗುತ್ತದೆ. ದಪ್ಪ ಹಚ್ಚಿದ ಕಡೆಯೆಲ್ಲ ಸಿಪ್ಪೆ ಏಳುತ್ತದೆ. ಈ ಗೋಡೆಗೆ ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಇನ್ನು ಮುಂದೆ ಬೇಡ.

ಜೂನ್ ಮೂರನೇ ವಾರ

ಎರಡು ದೊಡ್ಡ ಮಳೆ ಆಗಿವೆ. ಬೆಳಕಿಂಡಿ ಸುತ್ತ ಒಣಗಿದೆ. ದೋಣಿಯ ಬಲಬದಿಯಲ್ಲಿ ಅಂಗೈಯಷ್ಟು ಜಾಗ ತೇವ. ಅಲ್ಲಿ ಕೊಡತಿ ಸರಿಯಾಗಿ ಬಿದ್ದಿರಲಿಲ್ಲ. ಮಳೆ ಬಿಟ್ಟ ಮೂರನೇ ದಿನ ಒಂದು ಬುಟ್ಟಿ ಚೌಳು ಹಾಕಿ ಬಡಿದದ್ದು. ಮಳೆ ಬಿದ್ದ ಎರಡು ದಿನ ಮಾಳಿಗೆ ಹತ್ತಬಾರದು, ಹೆಜ್ಜೆ ಬಿದ್ದ ಕಡೆ ಗುಂಡಿಯಾಗಿ ನೀರು ನಿಲ್ಲುತ್ತದೆ. ಗೋಡೆಯ ತೇವದ ಗೆರೆ ನೆಲದಿಂದ ಎರಡು ಅಡಿ ಒಂದು ಇಂಚಿನಲ್ಲಿದೆ, ಪೆನ್ಸಿಲ್‌ನಲ್ಲಿ ಗುರುತು ಹಾಕಿ ತಾರೀಖು ಬರೆದಿದೆ. ಮುಂದಿನ ಅಳತೆ ಸೆಪ್ಟೆಂಬರ್ ಮಳೆ ಮುಗಿದ ಮೇಲೆ. ಆಗ ಮಗ್ಗುಲ ಗೋಡೆಯ ಬುಡಕ್ಕೂ ಕಾಗದದ ಪಟ್ಟು ಹಾಕಬೇಕಿದೆ.